ಚೆಂಡಿನ ಪಾಳಿ

ಹೋದ ಚಳಿಗಾಲದಲ್ಲಿ ಕೊಲ್ಲಿ ದೇಶದಿಂದ ನಮ್ಮ ಮನೆಗೊಂದು ಗಂಟು ಬಂತು. ಬೀದರಿನಲ್ಲಿ ಇದೇನು ಡಂಗುರ ಸಾರುವಂಥ ಸುದ್ದಿಯಲ್ಲ. ಊರ ನಡುವಿನ ಚೌಬಾರಾ ಗೋಪುರದ ಸುತ್ತಲಿನ ಓಣಿಗಳಲ್ಲಿ, ಅಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳು ಬೇಕಾದಷ್ಟು. ಒಬ್ಬ ರಜೆಯ ಮೇಲೆ ಊರಿಗೆ ಹೊರಟರೆ ಉಳಿದವರೆಲ್ಲ ಅವನ ಕೈಯಲ್ಲಿ ತಂತಮ್ಮ ಗಂಟು ಕಳಿಸುತ್ತಾರೆ. ಪಾಪ, ಅವನ ಸ್ವಂತ ಸಾಮಾನಿಗೆ ಜಾಗ ಉಳಿಯಿತೋ ಇಲ್ಲವೋ ಕೇಳುವವರಿಲ್ಲ. ನನ್ನ ಬಾಲ್ಯದ ಗೆಳೆಯ ಮಹಬೂಬ ಕಳಿಸಿದ ಗಂಟಿನಲ್ಲಿ ಖರ್ಜೂರದ ಡಬ್ಬಿ, ಮೊಣಕಾಲಿಗೆ ತಿಕ್ಕಿಕೊಳ್ಳುವ ಮುಲಾಮು, ಲೈಟು ಹೋದಾಗ ಹಚ್ಚಲು ಒಂದು ಟಾರ್ಚು, ಮತ್ತೆ ನನ್ನ ಮಗಳು ಪ್ರಜ್ಞಾಗೆಂದು ಒಂದು ಫುಟ್‌ಬಾಲ್ ಜರ್ಸಿ ಇದ್ದವು. ಖರ್ಜೂರ ಖಾಲಿಯಾಯಿತು, ಮುಲಾಮು ನನ್ನ ಮೊಣಕಾಲು ಸೇರಿತು, ಟಾರ್ಚು ಎಲ್ಲಿದೆಯೆಂದು ಹುಡುಕಲು ಇನ್ನೊಂದು ಟಾರ್ಚು ಬೇಕು. ಜರ್ಸಿ ಮಾತ್ರ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬರಲಿಲ್ಲ.

ಪ್ರಜ್ಞಾ ಬಿ.ಎ. ಓದುತ್ತಾಳೆ, ಕಾಲೇಜಿನ ಹುಡುಗಿಯರ ತಂಡದಲ್ಲಿ ಫುಟ್‌ಬಾಲ್ ಆಡುತ್ತಾಳೆ. ಜರ್ಸಿಯ ಬೆನ್ನಿನ ಮೇಲೆ ಹೆಸರಿರುವ ಆಟಗಾರ ಅವಳಿಗೆ ಚಿಕ್ಕಂದಿನಿಂದ ದೇವರ ಸಮಾನ. ಆತನ ಹೆಸರು ನಾನು ಹೇಳುವುದಿಲ್ಲ, ನೀವೂ ಊಹಿಸಲು ಹೋಗಬೇಡಿ. ಈಗ ಅಂಥವರು ಒಬ್ಬಿಬ್ಬರಲ್ಲ. ತನ್ನ ಹಳೆಯ ಕ್ಲಬ್ಬು ಬಿಟ್ಟು ಆತ, ಮರಳುಗಾಡಿನ ಸರಕಾರವೊಂದು ತಾನೇ ದುಡ್ಡು ಸುರಿದು ಕಟ್ಟಿದ ಲೀಗಿಗೆ ಹೋದ. ಹೋದ ದಿನವೇ ನಮ್ಮ ಮನೆಯ ಗೋಡೆಯಿಂದ ಅವನ ಚಿತ್ರ ಇಳಿಯಿತು. ಗೋಡೆಯ ಸುಣ್ಣವೂ ಸ್ವಲ್ಪ ಕಿತ್ತು ಬಂದದ್ದರಿಂದ, ದೇವರು ಹೋದ ಜಾಗದಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿದೆ.

"ಆ ಸರಕಾರಕ್ಕ ತನ್ನ ಹೆಸರು ತೊಳ್ಕೊಳ್ಳೋದು ಬೇಕಾಗ್ಯದ ಪಪ್ಪಾ. ಇವ ಅದರ ಸಾಬೂನು ಆಗ್ಯಾನ. ನಾ ಈ ಜರ್ಸಿ ಹಾಕ್ಕೊಳ್ಳಾಂಗಿಲ್ಲ," ಎಂದಳು.

ಮಹಬೂಬನೂ ಅದೇ ದೇಶಕ್ಕೆ ದುಡಿಯಲು ಹೋಗಿದ್ದಾನಲ್ಲ ಎಂದು ನಾನು ಮೆಲ್ಲಗೆ ಮಾತು ತೆಗೆದೆ. ಚಾಚಾ ಹೋದದ್ದು ಹೊಟ್ಟೆಗೆ, ಇವನ ಹೊಟ್ಟೆ ತುಂಬಿತ್ತು ಎಂದು ತಟ್ಟನೆ ಉತ್ತರ ಬಂತು. ಮಕ್ಕಳನ್ನು ಓದಿಸಬೇಕು, ಸರಿ. ಆದರೆ ಓದಿಸಿದ ಮೇಲೆ ಅವರ ಜೊತೆ ವಾದಕ್ಕೆ ಇಳಿಯಬಾರದು.

ನನ್ನ ತಳಮಳ ಬೇರೆಯೇ ಇತ್ತು. ಗಂಟು ಬಂದು ಕೆಲ ತಿಂಗಳಾಗಿತ್ತು, ಮುಂದಿನ ವಾರ ಮಹಬೂಬನೇ ಊರಿಗೆ ಬರುವವನಿದ್ದ. ಅವನ ತಾಯಿ ತೀರಿಕೊಂಡು ವರ್ಷದ ಮೇಲಾಗಿತ್ತು. ಮಣ್ಣಿಗೆ ಬರಲು ಅವನಿಗೆ ಆಗಿರಲಿಲ್ಲ, ಈಗಲೇ ಮೊದಲ ಸಲ ಬರುತ್ತಿದ್ದದ್ದು. ಬಂದವನು ಮಗಳನ್ನು ಕರೆದು ಜರ್ಸಿ ಸರಿಹೋಯಿತೇ ಎಂದು ಕೇಳೇ ಕೇಳುತ್ತಾನೆ. ಇವಳು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರೆ? ದುಡ್ಡಿಗಾಗಿ ಬೇರೆ ತಂಡಕ್ಕೆ ಹೋದವನು ಎಂಬ ಮಾತನ್ನು ಮಹಬೂಬ ಒಮ್ಮೆ ಕೇಳಿಸಿಕೊಂಡಾಗಿದೆ. ಎರಡನೆಯ ಸಲ ಅದು ನನ್ನ ಮನೆಯ ಪಡಸಾಲೆಯಲ್ಲಿ ಅವನ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.

ಆ ಮಾತು ಅವನು ಕೇಳಿದ್ದು ನಾವು ಹುಡುಗರಾಗಿದ್ದಾಗ, ನಮ್ಮ ಓಣಿಗೆ ಒಂದೇ ಒಂದು ಚೆಂಡು ಇದ್ದ ಕಾಲದಲ್ಲಿ. ಚರ್ಮದ ಚೆಂಡು. ಓಣಿಯವರೆಲ್ಲ ಸೇರಿ ತಂದದ್ದಾದ್ದರಿಂದ ಅದು ಯಾರದೂ ಅಲ್ಲ, ಹಾಗಾಗಿ ಎಲ್ಲರಿಗೂ ಅದರ ಮೇಲೆ ಕಣ್ಣು. ಕೊನೆಗೆ ಹಿರಿಯರು ಒಂದು ಪಾಳಿ ಕಟ್ಟಿದರು. ಆಟ ಮುಗಿದ ಮೇಲೆ ಚೆಂಡು ದಿನಕ್ಕೊಬ್ಬರ ಮನೆಯಲ್ಲಿ ಮಲಗಬೇಕು. ಮರುದಿನ ಸಂಜೆ ಆ ಮನೆಯವರು ಅದನ್ನು ಒರೆಸಿ, ಎಣ್ಣೆಕೈ ಸವರಿ ಮೈದಾನಕ್ಕೆ ತರಬೇಕು. ಮೈದಾನವೆಂದರೆ ಕೋಟೆಯ ಕಂದಕದ ಪಕ್ಕದ ಕೆಂಪು ಬಯಲು. ನಮ್ಮ ಊರಿನ ಕೆಂಪು ಮಣ್ಣು ಒಮ್ಮೆ ಹತ್ತಿತೆಂದರೆ ಬಿಡುವ ಜಾತಿಯಲ್ಲ. ಮೊಣಕಾಲು, ಚಡ್ಡಿ, ಚೆಂಡು ಎಲ್ಲ ಒಂದೇ ಬಣ್ಣ. ನಮ್ಮ ತಂಡಕ್ಕೆ ಜರ್ಸಿ ಇರಲಿಲ್ಲ, ಆದರೆ ಆಟ ಸುರುವಾಗಿ ಸ್ವಲ್ಪ ಹೊತ್ತಿಗೆ ಎಲ್ಲರ ಅಂಗಿಗಳೂ ಒಂದೇ ತರಹ ಕಾಣುತ್ತಿದ್ದವು. ತೊಂದರೆಯೆಂದರೆ ಎದುರು ತಂಡದವರದೂ ಹಾಗೇ ಕಾಣುತ್ತಿದ್ದವು.

ನಾನು ಗೋಲ್ ಕೀಪರ್. ನನ್ನ ಆಟ ನೋಡಿ ಕೊಟ್ಟ ಜಾಗವಲ್ಲ ಅದು. ಚೆಂಡು ಹತ್ತಿರ ಬಂದರೆ ನಾನು ಕಣ್ಣು ಮುಚ್ಚುತ್ತಿದ್ದೆ, ಮತ್ತು ಯಾವ ಕಡೆಯಿಂದ ಬಂದರೂ ಎಡಕ್ಕೇ ಬೀಳುತ್ತಿದ್ದೆ. ಆದರೆ ಚೆಂಡಿಗೆ ಗಾಳಿ ಹೊಡೆಯುವ ಪಂಪ್ ಓಣಿಯಲ್ಲಿ ನಮ್ಮಪ್ಪನ ಹತ್ತಿರ ಮಾತ್ರ ಇತ್ತು. ಅಪ್ಪ ಸಾಲಿ ಮಾಸ್ತರರು, ಸೈಕಲ್ಲಿನ ಮೇಲೆ ಹೋಗಿಬರುವವರು. ನನ್ನನ್ನು ತಂಡದಿಂದ ತೆಗೆದರೆ ಪಂಪೂ ಹೋಗುತ್ತದೆ. ಹೀಗಾಗಿ, ಹಣವಂತರು ಬಂದು ಆಟ ಕೆಡಿಸಿದರು ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ನಾನು ಸ್ವಲ್ಪ ತಲೆ ತಗ್ಗಿಸುತ್ತೇನೆ.

ಚೆಂಡು ಒಂದೊಂದು ಮನೆಯಲ್ಲಿ ಒಂದೊಂದು ರೀತಿ ಮಲಗುತ್ತಿತ್ತು. ನಮ್ಮ ಕ್ಯಾಪ್ಟನ್ ಶಿವರಾಜ; ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಅವರಪ್ಪನದು ಅಡತಿ ಅಂಗಡಿ, ಮನೆ ದೊಡ್ಡದು. ಆದರೆ ಅವನ ತಾಯಿಗೆ ಚರ್ಮ ಒಳಗೆ ಬರುವುದು ಆಗುತ್ತಿರಲಿಲ್ಲ. ಅಲ್ಲಿ ಚೆಂಡಿಗೆ ಜಾಗ ಹೊರಗಿನ ಕಟ್ಟೆಯ ಮೂಲೆಯಲ್ಲಿ, ಚಪ್ಪಲಿಗಳ ಪಕ್ಕ. ಮರುದಿನ ಅದು ನಮ್ಮ ಮನೆಗೆ ಬರುತ್ತಿತ್ತು. ನಾವು ಬೌದ್ಧರು, ಔರಾದ ತಾಲೂಕಿನ ಡಾಬಕಾದವರು, ಅಪ್ಪನ ನೌಕರಿಯ ಹಿಂದೆ ಬೀದರಿಗೆ ಬಂದವರು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮೊದಲ ಸಲ ಚೆಂಡು ಬಂದಾಗ ನಾನೂ ಶಿವರಾಜನ ಮನೆ ನೋಡಿ ಕಲಿತವನು ಅದನ್ನು ಬಾಗಿಲಾಚೆ ಇಟ್ಟೆ. ಆಯಿ ಎದ್ದು ಬಂದು ಎತ್ತಿಕೊಂಡು, ತನ್ನ ಸೀರೆಯ ಸೆರಗಿನಿಂದ ಒರೆಸಿ, ಬುದ್ಧನ ಪಟದ ಕೆಳಗಿನ ಗೋಡೆಯ ಮಾಡದಲ್ಲಿ ಇಟ್ಟಳು.

"ಹೊರಗ ಇಟ್ರ ಹ್ಯಾಂಗಿರ್ತದ ಅಂತ ನಂಗ ಗೊತ್ತದ. ಇದು ಒಳಗ ಇರಲಿ," ಎಂದಳು.

ಆಗ ನನಗೆ ಅದು ಚೆಂಡಿನ ಮಾತು ಎಂದೇ ಅನಿಸಿತ್ತು.

ಶುಕ್ರವಾರ ಮಹಬೂಬನ ಮನೆಯ ಪಾಳಿ. ಅವನ ತಾಯಿಯನ್ನು ಓಣಿಯ ಹುಡುಗರೆಲ್ಲ ಖಾಲಾ ಎಂದು ಕರೆಯುತ್ತಿದ್ದೆವು. ಅವರ ಮನೆ ಒಂದೇ ಕೋಣೆ, ಮುಂದೆ ಅಂಗಳ, ಅಂಗಳದಲ್ಲಿ ಕೋಳಿ. ಮನೆಯೊಳಗೆ ಮಲಗುವವರಿಗೇ ಜಾಗ ಸಾಲದು, ಇನ್ನು ಚೆಂಡಿಗೆಲ್ಲಿ? ಖಾಲಾ ಅದನ್ನು ಹಳೆಯ ದುಪಟ್ಟಾದಲ್ಲಿ ಗಂಟು ಕಟ್ಟಿ, ಕೋಳಿ ಮುಚ್ಚುವ ಬುಟ್ಟಿಯ ಕೆಳಗೆ, ಕೋಳಿಗಳ ಜೊತೆಗೇ ಇಡುತ್ತಿದ್ದಳು. ಶನಿವಾರ ಚೆಂಡು ಮೈದಾನಕ್ಕೆ ಬಂದಾಗ ಅದಕ್ಕೆ ಕೋಳಿಗೂಡಿನ ಬೆಚ್ಚನೆಯ ವಾಸನೆ ಇರುತ್ತಿತ್ತು, ಒಮ್ಮೊಮ್ಮೆ ಒಂದು ಪುಕ್ಕವೂ. ಶನಿವಾರ ನಾನು ಚೆಂಡು ಹಿಡಿಯದಿದ್ದರೆ ಅದಕ್ಕೆ ಕಾರಣ ಹೇಳಲು ನನಗೆ ಸುಲಭವಾಗುತ್ತಿತ್ತು.

ಮಹಬೂಬ ಎಡಗಾಲಿನ ಆಟಗಾರ. ಅಂಥ ಎಡಗಾಲು ಬೀದರಿನಲ್ಲಿ ನಾನು ಮತ್ತೆ ನೋಡಿಲ್ಲ. ಇದು ಗೆಳೆತನದ ಮಾತು ಎಂದು ನೀವು ಅಂದರೆ ಅನ್ನಿ. ಬರಿಗಾಲಲ್ಲಿ ಚೆಂಡನ್ನು ಗೆರೆಯ ಗುಂಟ ತಳ್ಳಿಕೊಂಡು ಹೋಗುತ್ತಿದ್ದರೆ ಹಿಂದೆ ಕೆಂಪು ಧೂಳು ಮಾತ್ರ ಕಾಣುತ್ತಿತ್ತು. ಅವನ ಅಪ್ಪ ಗಂಜಿನಲ್ಲಿ ಹಮಾಲಿ. ಒಂದು ದಿನ ತೊಗರಿ ಚೀಲ ಎತ್ತುವಾಗ ಅವರ ಸೊಂಟ ಹಿಡಿದದ್ದು ಮತ್ತೆ ಬಿಡಲಿಲ್ಲ. ಅದೇ ವರ್ಷ ಭಾಲ್ಕಿಯ ದಾಲ್ ಮಿಲ್ಲಿನ ಸಾಹುಕಾರರೊಬ್ಬರಿಗೆ ಫುಟ್‌ಬಾಲ್ ಹುಚ್ಚು ಹತ್ತಿತು. ಹುಚ್ಚು ಎಂದರೆ ಆಟದ ಹುಚ್ಚಲ್ಲ, ಕಪ್ಪು ಗೆಲ್ಲುವ ಹುಚ್ಚು. ಕಮಲನಗರದಿಂದ ಒಬ್ಬ, ಉದಗೀರದಿಂದ ಇಬ್ಬರು, ಹೀಗೆ ಕಂಡಲ್ಲಿ ಕಂಡಲ್ಲಿ ಒಳ್ಳೆಯ ಆಟಗಾರರನ್ನು ಆರಿಸಿ ತಂದು ತಂಡ ಕಟ್ಟಿದರು. ಮಹಬೂಬನಿಗೂ ಕರೆ ಬಂತು. ಬೂಟು, ಜರ್ಸಿ, ಆಟದ ದಿನ ಮಟನ್ ಊಟ; ಎಲ್ಲಕ್ಕಿಂತ ಹೆಚ್ಚಾಗಿ ಅವನ ಅಪ್ಪನಿಗೆ ಮಿಲ್ಲಿನ ಗೇಟಿನಲ್ಲಿ ಕುಳಿತು ಮಾಡುವ ಕೆಲಸ.

ಮಹಬೂಬ ಹೋದ. ನೀವಾಗಿದ್ದರೂ ಹೋಗುತ್ತಿದ್ದಿರಿ. ಆದರೆ ಓಣಿಗೆ ಆಗ ಅಪ್ಪನ ಸೊಂಟ ಕಾಣಲಿಲ್ಲ, ಮಗನ ಬೂಟು ಕಂಡಿತು. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಕೋಟೆಯ ಬಾಗಿಲಲ್ಲಿ ಒಂದೇ ಮಾತು: ಬಿಕ್ ಗಯಾ. ಮಾರಿಕೊಂಡ. ಮಹಬೂಬ ಓಣಿಯಲ್ಲಿ ಬೂಟನ್ನು ಚೀಲದೊಳಗೆ ಮುಚ್ಚಿಕೊಂಡು ನಡೆಯುತ್ತಿದ್ದ.

ಆ ವಾರ ಶುಕ್ರವಾರ ಬಂತು. ಆಟ ಮುಗಿಯಿತು. ಶಿವರಾಜ ಚೆಂಡನ್ನು ಮಹಬೂಬನ ಮನೆ ದಾಟಿಸಿ ಮುಂದಿನ ಮನೆಯವನ ಕೈಗೆ ಕೊಡಲು ಹೋದ. ತಂಡ ಬಿಟ್ಟವನಿಗೆ ಪಾಳಿ ಎಲ್ಲಿಯದು ಎಂಬುದು ಅವನ ನ್ಯಾಯ. ನಾವು ಯಾರೂ ಅಡ್ಡ ಬರಲಿಲ್ಲ. ಆಗ ಖಾಲಾ ಬಯಲಿಗೆ ಬಂದಳು. ಅವಳು ಎಂದೂ ಆ ಕಡೆ ಬಂದವಳಲ್ಲ. ಬುರ್ಖಾದ ಅಂಚಿಗೆಲ್ಲ ಕೆಂಪು ಧೂಳು ಹತ್ತಿತ್ತು, ಕೈಯಲ್ಲಿ ಆ ಹಳೆಯ ದುಪಟ್ಟಾ ಇತ್ತು. ಶಿವರಾಜನ ಮುಂದೆ ನಿಂತು ಕೈ ಚಾಚಿದಳು.

"ನನ್ನ ಮಗ ನಿಮ್ಮ ತಂಡ ಬಿಟ್ಟಾನ. ನಮ್ಮ ಮನಿ ಓಣಿ ಬಿಟ್ಟಿಲ್ಲ," ಎಂದಳು. "ಪಾಳಿ ಮನೀದು ಬಾಬಾ, ಆಡೋನದಲ್ಲ. ಚೆಂಡ ಕೊಡು."

ಶಿವರಾಜ ಕೊಟ್ಟ. ಕೊಡದೆ ಏನು ಮಾಡುತ್ತಾನೆ? ನಮ್ಮಲ್ಲಿ ಅರ್ಧ ಜನ ಅವಳ ಕೈಯ ರೊಟ್ಟಿ ತಿಂದು ಬೆಳೆದವರು. ಖಾಲಾ ಚೆಂಡನ್ನು ದುಪಟ್ಟಾದಲ್ಲಿ ಕಟ್ಟಿ, ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲಿಟ್ಟುಕೊಂಡು ಹೋದಳು. ಶನಿವಾರ ಚೆಂಡು ಮೈದಾನಕ್ಕೆ ಬಂತು, ಎಂದಿನಂತೆ ಕೋಳಿವಾಸನೆಯೊಂದಿಗೆ.

ಕಪ್ಪಿನ ಆಟ ಭಾಲ್ಕಿಯಲ್ಲಿ. ನಾವು ಪ್ಯಾಸೆಂಜರ್ ರೈಲು ಹತ್ತಿ ಹೋದೆವು. ದೇವರ ದಯೆಯಿಂದಲೋ ಎದುರಾಳಿಗಳ ಗ್ರಹಚಾರದಿಂದಲೋ ಕೊನೆಯ ಆಟದವರೆಗೂ ಬಂದೆವು, ಎದುರಿಗೆ ಸಾಹುಕಾರರ ತಂಡ. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಮಹಬೂಬ ಒಬ್ಬನೇ ಚೆಂಡಿನೊಂದಿಗೆ ನನ್ನ ಮುಂದೆ ಬಂದು ನಿಂತ. ನಾನು ಎಡಕ್ಕೆ ಬೀಳುತ್ತೇನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಮೆಲ್ಲಗೆ, ಕೂಸಿಗೆ ಪೆಟ್ಟಾಗದ ಹಾಗೆ, ಚೆಂಡನ್ನು ಬಲಕ್ಕೆ ದೂಡಿದ. ನಾನು ಬಿದ್ದಲ್ಲಿಂದಲೇ ಅದು ಒಳಗೆ ಹೋಗುವುದನ್ನು ನೋಡಿದೆ.

ಕಪ್ಪು ಕೊಡುವಾಗ ಮೈಕು ಇತ್ತು. ಸಾಹುಕಾರರ ಮುನೀಮ ಮಹಬೂಬನ ಕಿವಿಯಲ್ಲಿ ಏನೋ ಹೇಳಿ ಮೈಕು ಕೊಟ್ಟ. ಈ ಮಾಲಕರು ಸಿಗುವವರೆಗೆ ನನಗೆ ಆಟ ಅಂದರೇನೆಂದೇ ಗೊತ್ತಿರಲಿಲ್ಲ ಎಂದು ಹೇಳಲು ಕಲಿಸಿದ್ದನಂತೆ. ಅದು ಆಮೇಲೆ ತಿಳಿಯಿತು. ಮಹಬೂಬ ಮೈಕು ಹಿಡಿದು ನಮ್ಮ ಕಡೆ ತಿರುಗಿದ. ನಾವು ಮೈದಾನದ ಅಂಚಿನಲ್ಲಿ ಸೋತ ಮುಖ ಹೊತ್ತು ಕುಳಿತಿದ್ದೆವು.

"ಆಟ ನಾ ಬೀದರದಾಗ ಕಲ್ತೀನ್ರಿ," ಎಂದ. "ಅಲ್ಲಿ ಕುಂತಾರಲ್ರಿ, ಅವರ ಜೋಡಿ."

ಅಷ್ಟೇ. ಮುಂದಿನ ವರ್ಷ ಸಾಹುಕಾರರು ಅವನನ್ನು ಕರೆಯಲಿಲ್ಲ. ಅಪ್ಪನ ಕೆಲಸ ಮಾತ್ರ ತೆಗೆಯಲಿಲ್ಲ, ಅಷ್ಟರಮಟ್ಟಿಗೆ ಅವರು ದೊಡ್ಡವರು. ಕಪ್ಪಿನ ಆಟವಾದ ಮೇಲಿನ ಶುಕ್ರವಾರ ಚೆಂಡನ್ನು ಮಹಬೂಬನ ಮನೆಗೆ ಮುಟ್ಟಿಸಿದವನು ಶಿವರಾಜನೇ. ಖಾಲಾ ಅವನನ್ನು ಒಳಗೆ ಕರೆದು ಖೀರು ಕೊಟ್ಟಳಂತೆ. ಅದಾದ ಮೇಲೆ ಮಹಬೂಬ ನಮ್ಮ ತಂಡದಲ್ಲೇ ಆಡಿದ, ಪಾಸ್‌ಪೋರ್ಟು ಕೈಗೆ ಬರುವವರೆಗೆ. ಪಾಸ್‌ಪೋರ್ಟು ಬಂದಾಗ ಇಡೀ ಓಣಿ ಹಾರ ಹಾಕಿ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಕಳಿಸಿಬಂತು. ಭಾಲ್ಕಿಗೆ ಹೋದಾಗ ಮಾರಿಕೊಂಡವನು, ಸಮುದ್ರದಾಚೆ ಹೋದಾಗ ಮರ್ಯಾದಸ್ಥನಾದ. ಈಗಲೂ ಈ ಲೆಕ್ಕ ನನಗೆ ಪೂರ್ತಿ ಹತ್ತಿಲ್ಲ.

ಹೇಳಿದಂತೆ ಮಹಬೂಬ ಬಂದ. ಮೊದಲು ತಾಯಿಯ ಗೋರಿಯ ಹತ್ತಿರ ಹೋದ, ನಾನೂ ಜೊತೆಗಿದ್ದೆ. ಬಹಳ ಹೊತ್ತು ಕುಳಿತ. ಅಲ್ಲಿಂದ ಏಳುವಾಗ ಅವನ ಮೊಣಕಾಲಿಗೆ ಹತ್ತಿದ ಕೆಂಪು ಮಣ್ಣನ್ನು ನಾನು ಝಾಡಿಸಲು ಹೋದೆ, ಇರಲಿ ಬಿಡು ಎಂದ.

ಮಾರನೆಯ ದಿನ ಚಹಾಕ್ಕೆ ಮನೆಗೆ ಬಂದ. ನಾನು ಮಳೆ, ಬೆಳೆ, ಗಂಜಿನ ತೊಗರಿ ಧಾರಣೆ ಎಂದು ಏನೇನೋ ಮಾತು ತೆಗೆದು ಜರ್ಸಿಯ ದಾರಿಗೆ ಅಡ್ಡ ನಿಂತೆ. ಗೋಲ್ ಕೀಪರನಾಗಿ ನಾನು ತಡೆದದ್ದು ಎಂದಾದರೂ ಉಂಟೇ? ಪ್ರಜ್ಞಾ ತಾನೇ ಒಳಗಿಂದ ಆ ಪ್ಲಾಸ್ಟಿಕ್ ಚೀಲ ತಂದು ಅವನ ಮುಂದೆ ಇಟ್ಟಳು. ಹೇಳುವುದನ್ನು ಹೇಳಿದಳು. ಚಾಚಾ, ನೀವು ಪ್ರೀತಿಯಿಂದ ಕಳಿಸಿದಿರಿ, ಇದನ್ನು ಹಾಕಿಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ, ಈತ ದುಡ್ಡಿಗಾಗಿ ಅಲ್ಲಿಗೆ ಹೋದ ಎಂದಳು.

ಮಹಬೂಬ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸವರಿದ. ಕೊಲ್ಲಿಯಲ್ಲಿ ಅವನ ಕೆಲಸವೇ ಈ ಆಟಗಾರ ಆಡುವ ಮೈದಾನದ್ದು. ಹುಲ್ಲಿಗೆ ನೀರು ಬಿಡುವ ಪೈಪುಗಳ ಉಸ್ತುವಾರಿ. ದಿನಾ ಆ ಹುಲ್ಲಿನ ಮೇಲೆ ನಡೆಯುತ್ತಾನೆ. ಒಮ್ಮೆಯಾದರೂ ಅಲ್ಲಿ ಚೆಂಡು ಒದ್ದೆಯಾ ಎಂದು ಹಿಂದೊಮ್ಮೆ ಫೋನಿನಲ್ಲಿ ಕೇಳಿದ್ದೆ. ಕ್ಯಾಮೆರಾಗಳಿವೆ ಎಂದು ನಕ್ಕಿದ್ದ.

"ಅವ ಬಂದದ್ದಕ್ಕ ನಂಗ ಸಿಟ್ಟಿಲ್ಲ ಬೇಟಾ," ಎಂದ. "ರೊಕ್ಕಕ್ಕ ನಾನೂ ಹೋಗೀನಿ. ನಿಮ್ಮಪ್ಪನ ತಂಡ ಬಿಟ್ಟು ಭಾಲ್ಕಿಗೂ ಹೋಗಿದ್ದೆ, ಕೇಳು ಬೇಕಾದ್ರ. ಆದ್ರ ನಮ್ಮ ಅಮ್ಮಿ ತೀರ್ಕೊಂಡ ವಾರ ನಾ ಆಫೀಸಿನ ಮುಂದ ನಿಂತಿದ್ದೆ. ನನ್ನ ಪಾಸ್‌ಪೋರ್ಟ್ ಕಂಪನಿ ಕೈಯಾಗಿತ್ತು, ಕೊಡಲಿಲ್ಲ. ಅಲ್ಲಿ ಗ್ವಾಡಿ ಮ್ಯಾಲ ಟೀವಿ ಇತ್ತು. ಟೀವ್ಯಾಗ ಇವ ನಕ್ಕೋತ ಹೇಳ್ಲತಿದ್ದ, ಈ ದೇಶದಾಗ ದುಡಿಯೋರೆಲ್ಲಾ ಭಾಳ ಸುಖದಾಗ ಅದಾರ, ಹೊರಗಿನೋರು ಸುಮ್ಮ ಆಡ್ಕೋತಾರ ಅಂತ."

ಜರ್ಸಿಯ ಕಡೆ ನೋಡಿ ಮತ್ತೆ ಹೇಳಿದ. "ಹೋಗಲಿ. ಆಡಲಿ. ಬೂಟು ಹಾಕ್ಕೊಳ್ಳಲಿ, ಊಟ ಮಾಡಲಿ. ಮೈಕ್ ಕೊಟ್ಟಾಗ ಅಷ್ಟೊಂದು ಸುಳ್ಳು ಯಾಕ ಹೇಳಬೇಕು?"

ಪ್ರಜ್ಞಾ ಅಳುತ್ತಿದ್ದಳು. ಹಾಗಾದರೆ ಈ ಜರ್ಸಿ ಯಾಕೆ ಕಳಿಸಿದಿರಿ ಎಂದು ಕೇಳಿದಳು.

"ನೀ ಸಣ್ಣಾಕಿದ್ದಾಗಿಂದ ಇವನ ಹೆಸರೇ ಹೇಳ್ತಿದ್ದಿ. ಅಂಗಡ್ಯಾಗ ಕಂಡಿತು, ನಿನ್ನ ನೆನಪಾಯ್ತು. ಕಳಿಸಿದೆ."

ಅವಳು ಚೀಲವನ್ನು ಅವನ ತೊಡೆಯ ಮೇಲಿಂದ ಎತ್ತಿಕೊಂಡು ಒಳಗೆ ಹೋದಳು. ಮಹಬೂಬ ನನ್ನ ಕಡೆ ನೋಡಿ, ಹುಡುಗಿ ನಮ್ಮ ಅಮ್ಮಿಯ ಹಾಗೆ ಇದ್ದಾಳೆ, ಎದುರು ನಿಂತು ಮಾತಾಡುತ್ತಾಳೆ ಎಂದ. ನನಗೆ ಹೆಮ್ಮೆಯಾಯಿತು. ಆಮೇಲೆ ಅವಳು ಹೊರಗೆ ಬಂದು ಭಾಲ್ಕಿಯ ಕತೆ ಕೇಳಿದಳು. ನಾವಿಬ್ಬರೂ ಹೇಳಿದೆವು. ಚೆಂಡಿನ ಪಾಳಿ, ಕೋಳಿಬುಟ್ಟಿ, ಖಾಲಾ ಬಯಲಿಗೆ ಬಂದದ್ದು ಎಲ್ಲವನ್ನೂ. ನಾನು ಬಲಕ್ಕೆ ಬಿದ್ದಿದ್ದೆನೆಂದು ಹೇಳಲು ನೋಡಿದೆ, ಮಹಬೂಬ ಒಪ್ಪಲಿಲ್ಲ.

ರಜೆ ಮುಗಿಯಿತು, ಅವನು ಹೋದ. ನಮ್ಮ ಎದುರಿನ ಅವನ ಮನೆಯಲ್ಲಿ ಈಗ ಹೆಂಡತಿ ಶಬಾನಾ ಒಬ್ಬಳೇ. ಮಗಳು ಮದುವೆಯಾಗಿ ಗುಲಬರ್ಗಾದಲ್ಲಿದ್ದಾಳೆ. ಇತ್ತ ಕಾಲೇಜಿನ ಹುಡುಗಿಯರಿಗೆ ಒಂದು ತಾಪತ್ರಯವಿತ್ತು. ಅವರ ಚೆಂಡು ಕ್ರೀಡಾ ಕೋಣೆಯಲ್ಲಿ, ಕೋಣೆಯ ಕೀಲಿಕೈ ಪ್ಯೂನನ ಹತ್ತಿರ, ಪ್ಯೂನ ಸಂಜೆಯಾದರೆ ತನ್ನ ಮನೆಯಲ್ಲಿ. ಪ್ರಜ್ಞಾ ಅವರಿಗೆ ನಮ್ಮ ಹಳೆಯ ಪಾಳಿಯ ಉಪಾಯ ಹೇಳಿಕೊಟ್ಟಳಂತೆ. ಚೆಂಡು ಮತ್ತೆ ಬೀದರಿನ ಓಣಿಗಳಲ್ಲಿ ಮನೆ ಮನೆ ತಿರುಗತೊಡಗಿತು.

ಒಂದು ಶುಕ್ರವಾರ ಸಂಜೆ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಪ್ರಜ್ಞಾ ಆಟ ಮುಗಿಸಿ ಬಂದವಳು ನಮ್ಮ ಮನೆಗೆ ತಿರುಗದೆ ಎದುರಿನ ಮಹಬೂಬನ ಬಾಗಿಲು ಬಡಿದಳು. ಬಗಲಲ್ಲಿ ಚೆಂಡಿತ್ತು. ಚೆಂಡನ್ನು ಯಾವುದೋ ಬಟ್ಟೆಯಲ್ಲಿ ಗಂಟು ಕಟ್ಟಿದ್ದಳು. ಕಣ್ಣು ಕಿರಿದು ಮಾಡಿ ನೋಡಿದೆ, ಅದೇ ಜರ್ಸಿ. ಆ ದೊಡ್ಡ ಹೆಸರಿನ ಮೇಲೆಲ್ಲ ನಮ್ಮ ಕೆಂಪು ಮಣ್ಣು. ಶಬಾನಾ ಭಾಬಿ ಬಾಗಿಲು ತೆರೆದು, ಇದು ನನಗ್ಯಾಕೆ, ನಮ್ಮ ಮನೆಯಲ್ಲಿ ಆಡುವವರು ಯಾರಿದ್ದಾರೆ ಎಂದು ಕೇಳಿದಳು.

"ಆಡೋರು ಊರಾಗಿಲ್ಲ ಚಾಚಿ," ಎಂದಳು ನನ್ನ ಮಗಳು. "ಪಾಳಿ ಮನೀದು."

ಭಾಬಿ ಎರಡೂ ಕೈಯಿಂದ ಚೆಂಡು ತೆಗೆದುಕೊಂಡಳು. ಅತ್ತೆಯ ಕೋಳಿಬುಟ್ಟಿ ಇನ್ನೂ ಅಂಗಳದ ಗೋಡೆಗೆ ಒರಗಿತ್ತು, ಕೋಳಿಗಳಿರಲಿಲ್ಲ. ಅದನ್ನೇ ತಂದಳು. ಮುಚ್ಚುವ ಮೊದಲು ಏನನ್ನಿಸಿತೋ, ಗಂಡನಿಗೆ ಫೋನು ಹಚ್ಚಿ, ಗಂಟು ಬಿಚ್ಚಿ ಚೆಂಡನ್ನು ಕ್ಯಾಮೆರಾದ ಮುಂದೆ ಹಿಡಿದಳು. ನಾನು ಕಟ್ಟೆಯಿಂದ ಎದ್ದು ನಿಂತೆ. ಲೈನು ಹೋಯಿತೇನೋ ಎಂದು ಭಾಬಿ ಫೋನು ಅಲ್ಲಾಡಿಸಿದಳು.

ಕೊನೆಗೆ ಮಹಬೂಬನ ದನಿ ಕೇಳಿತು. ಮೂಗು ಕಟ್ಟಿದ ದನಿ.

"ಗಾಳಿ ಕಮ್ಮಿ ಅದ. ಗೋಲ್ ಕೀಪರ್‌ನ ಕರೀರಿ."

ನಾನು ಅಪ್ಪನ ಪಂಪ್ ಹುಡುಕಲು ಒಳಗೆ ಓಡಿದೆ.